ನೋವಿಲ್ಲ ಡಾಕ್ಟ್ರೇ

ಫೆಬ್ರವರಿ 3

ತಮ್ಮಾ,

ಕಾಗದ ಬರೆಯುವಾಗ ಮೊದಲು ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಎಂದು ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದಳು. ಆ ಸಾಲು ಬರೆಯಲು ನನಗೆ ಕೈ ಏಳುತ್ತಿಲ್ಲ. ಅಮ್ಮ ಮಣ್ಣಾಗಿದ್ದಾಳೆ, ನೀನು ಜೈಲಿನಲ್ಲಿದ್ದೀಯ, ನಮ್ಮ ಬೀದಿಯ ಮೂಲೆ ಡಾಕ್ಟರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಕ್ಷೇಮವಾಗಿರುವುದು ನಮ್ಮ ಮಾಂಸದಂಗಡಿಯ ತಕ್ಕಡಿ ಒಂದೇ.

ಮೊನ್ನೆ ಜೈಲಿನ ಜಾಲರಿ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದೆ. ಅಕ್ಕಪಕ್ಕದವರೂ ತಮ್ಮ ತಮ್ಮವರಿಗೆ ಕೂಗುತ್ತಿದ್ದರು. ನೀನು ಕಿವಿಗೆ ಕೈ ಇಟ್ಟು “ಏನು? ಏನು?” ಎನ್ನುತ್ತಾ ನಿಂತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ಅಡ್ಡ ಬಾಯಿ ಹಾಕಲಾರೆ.

ಪೊಲೀಸರ ಮುಂದೆ “ಏನು ನಡೀತೋ ನೆನಪಿಲ್ಲ” ಎಂದೆಯಂತೆ. ನನಗೆ ನೆನಪಿದೆ, ಹೇಳುತ್ತೇನೆ ಕೇಳು. ಮೂಲೆ ಡಾಕ್ಟರ ಶಾಪಿನಿಂದ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ಅಮ್ಮನ ಉಸಿರು ನಿಂತಿತು. ನೀನು ಅಲ್ಲೇ ಕೆಳಗಿಳಿದು ಬೀದಿಗೆ ವಾಪಸು ನಡೆದೆ. ನಾನು ಹಿಂದೆ ಓಡಿ ಬಂದೆ. ಡಾಕ್ಟರ ಶಾಪಿನ ಗಾಜಿನ ಬಾಗಿಲು ಹಾಕಿತ್ತು. ನೀನು ಕಾಲಿನಿಂದ ಒದ್ದೆ. ಚಪ್ಪಲಿ ಎಲ್ಲೋ ಹಾರಿತು, ಬಾಗಿಲು ಪುಡಿಯಾಯಿತು, ನೀನು ಬರಿಗಾಲಲ್ಲಿ ಆ ಗಾಜಿನ ಮೇಲೆಯೇ ನಡೆದು ಒಳಗೆ ಹೋದೆ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ಬಿದ್ದು ಓಡಿದರು. ಡಾಕ್ಟರು ಎದ್ದು ನಿಂತು “ತಾಯಿ ಹೇಗಿದ್ದಾರೆ?” ಎಂದು ಕೇಳಿದರು. ಅವರು ಕೇಳಿದ್ದು ಅಷ್ಟೇ. ನಿನ್ನ ಮೊದಲ ಏಟಿಗೆ ಕನ್ನಡಕ ಮೂಗಿನೊಳಗೆ ನಾಟಿತು. ಬಿದ್ದವರ ಹೊಟ್ಟೆಗೆ ಒದ್ದೆ, ಮತ್ತೆ ಮತ್ತೆ ಒದ್ದೆ. ಆಮೇಲೆ ಅವರನ್ನು ಕತ್ತಿನ ಪಟ್ಟಿ ಹಿಡಿದು ಎತ್ತಿ, ಬಲಗೈಯನ್ನು ಮೇಜಿನ ಮೇಲೆ ಚಾಚಿಸಿ ಒತ್ತಿ ಹಿಡಿದೆ. “ಊರೆಲ್ಲ ಇವನ ಕೈಗುಣ ಕೈಗುಣ ಅಂತಿತ್ತಲ್ಲ, ತೋರ್ಸೋ ನಿನ್ನ ಕೈಗುಣ” ಎಂದೆ. ಕಬ್ಬಿಣದ ಸ್ಟೂಲು ಎತ್ತಿದೆ.

ನಾನು ನಿನ್ನ ಬೆನ್ನಿಗೆ ಜೋತುಬಿದ್ದೆ. ನೀನು ಮೊಣಕೈಯಿಂದ ತಿವಿದೆ, ನನ್ನ ಮುಂದಿನ ಹಲ್ಲು ಅಲ್ಲೇ ಬಿತ್ತು. ಸ್ಟೂಲು ಇಳಿಯಿತು. ಎಲ್ಲಿ ಹೊಡೆದರೆ ಕೀಲು ಬಿಡುತ್ತದೆ ಎಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ. ಮೂಳೆ ಮುರಿಯುವ ಸದ್ದು ನನಗೆ ಹೊಸದಲ್ಲ, ನಾವು ಉಂಡದ್ದೇ ಅದರಲ್ಲಿ. ಆದರೆ ನಾವು ಕಡಿಯುವ ಮೂಳೆ ಕಿರುಚುವುದಿಲ್ಲ.

ನನಗೆ ನಿನ್ನ ಮೇಲೆ ಎಷ್ಟು ಕೋಪವಿದೆ ಎಂದರೆ, ಆ ಜಾಲರಿ ಇಲ್ಲದಿದ್ದರೆ ಅಲ್ಲೇ ನಾಲ್ಕು ಬಾರಿಸುತ್ತಿದ್ದೆ. ಆದರೆ ನೀನು ಹಿಂದಿರುಗಿ ಹೋಗುವಾಗ ಒಂದು ಕಾಲು ಎಳೆದುಕೊಂಡು ನಡೆದದ್ದನ್ನು ನೋಡಿದೆ. ಕಾಲಿಗೆ ಸುತ್ತಿದ ಬಟ್ಟೆ ಹಳದಿಯಾಗಿತ್ತು. ಗಾಜು ಒಳಗೇ ಉಳಿದಿರಬೇಕು. ಜೈಲಿನ ಡಾಕ್ಟರಿಗೆ ಇವತ್ತೇ ತೋರಿಸು.

ಅಂಗಡಿ ನಾನೇ ನಡೆಸುತ್ತಿದ್ದೇನೆ. ಜನ ಬರುತ್ತಾರೆ, ಮಾಂಸ ಕೊಳ್ಳುವುದಕ್ಕಲ್ಲ, ನನ್ನ ಹಲ್ಲು ನೋಡುವುದಕ್ಕೆ.

ಇಂತಿ,
ನಿನ್ನ ಅಕ್ಕ

*

ಫೆಬ್ರವರಿ 11

ಅಕ್ಕಾ,

ಹಲ್ಲಿನ ವಿಷಯ ಗೊತ್ತಿರಲಿಲ್ಲ. ಅದೊಂದು ತಪ್ಪಾಯಿತು. ಬೇರೆ ಯಾವುದೂ ಅಲ್ಲ.

ಅಮ್ಮನನ್ನು ಆ ಡಾಕ್ಟರನ ಹತ್ತಿರ ನಡೆಸಿಕೊಂಡೇ ಹೋಗಿದ್ದೆವು. ವಾಂತಿ, ಏದುಸಿರು, ಅಷ್ಟೇ ತಾನೇ ಇದ್ದದ್ದು? ಡ್ರಿಪ್ ಬಾಟಲಿ ಏರಿಸಿದ. ಸ್ವಲ್ಪ ಹೊತ್ತಿಗೆ ಅದನ್ನೂ ಕಿತ್ತು “ಇನ್ನು ನನ್ನ ಕೈಲಿಲ್ಲ” ಅಂದ. ನಾನು ಕಿವಿಯಾರೆ ಕೇಳಿದೆ. ಕೈಲಿಲ್ಲದ ಮೇಲೆ ಆ ಕೈ ಯಾಕೆ ಅವನಿಗೆ?

ಕಾಲಿನ ಚಿಂತೆ ಬಿಡು. ನೋವಿಲ್ಲ. ಒಂದು ಚೂರೂ ನೋವಿಲ್ಲ. ನೋವಿದ್ದರೆ ಅಲ್ಲವೇ ಡಾಕ್ಟರು? ಇಲ್ಲಿಗೂ ಒಬ್ಬ ಬರುತ್ತಾನೆ. ತಲೆನೋವಿಗೂ ಭೇದಿಗೂ ಒಂದೇ ಬಿಳಿ ಮಾತ್ರೆ ಕೊಡುತ್ತಾನೆ. ನನ್ನ ಕಾಲಿನ ಬಟ್ಟೆ ಬಿಚ್ಚಲು ಬಂದ, ಎದೆಗೆ ಕೈ ಕೊಟ್ಟು ತಳ್ಳಿದೆ, ಗೋಡೆಗೆ ಹೋಗಿ ಬಿದ್ದ. ಅದಕ್ಕೆ ವಾರ್ಡರುಗಳು ನನ್ನನ್ನು ಬಗ್ಗಿಸಿ ಲಾಠಿ ಮುರಿಯುವ ಹಾಗೆ ಹೊಡೆದರು. ಬೆನ್ನು ಈಗಲೂ ಕೆಳಗೆ ತಾಗಿಸಲು ಆಗುವುದಿಲ್ಲ. ಪರವಾಗಿಲ್ಲ. ಬಿಳಿ ಕೋಟಿನವನು ಯಾರೂ ನನ್ನನ್ನು ಮುಟ್ಟಕೂಡದು.

ನೀನು ಒಂದು ಕೆಲಸ ಮಾಡು. ಪುಡಿ ಮಾಸ್ತರ ಹತ್ತಿರ ಹೋಗಿ ಗಾಯಕ್ಕೆ ಹಾಕುವ ಪುಡಿ ತಂದು ಕೊಡು. ಅಮ್ಮನಿಗೆ ತರುತ್ತಿದ್ದೆನಲ್ಲ, ಅವರೇ. ನನ್ನ ಹೆಸರು ಹೇಳಿದರೆ ಸಾಕು, ಒಳ್ಳೆಯದನ್ನೇ ತೆಗೆದು ಕೊಡುತ್ತಾರೆ.

ನಿನ್ನ ತಮ್ಮ

*

ಫೆಬ್ರವರಿ 20

ತಮ್ಮಾ,

ಪುಡಿ ಮಾಸ್ತರ ಹತ್ತಿರ ಹೋಗಿದ್ದೆ. ನೀನು ಹೇಳಿದ್ದಕ್ಕೆ ಅಲ್ಲ.

ಬಸ್ ನಿಲ್ದಾಣದ ಹಿಂದೆ ಮೇಜು ಹಾಕಿಕೊಂಡು, ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಫೋನಿಗೆ ಮುಖ ಕೊಟ್ಟು ಭಾಷಣ ಮಾಡುತ್ತಿದ್ದ. ಇಡೀ ಬೀದಿಯ ಫೋನುಗಳಿಗೆ ಬೆಳಗಾಗೆದ್ದು ಬರುತ್ತಿತ್ತಲ್ಲ, ಅದೇ ಭಾಷಣ. ‘ಮಾತ್ರೆ ಎಸೆಯಿರಿ, ಸಕ್ಕರೆ ಕಾಯಿಲೆ ಎಂಬುದೇ ಸುಳ್ಳು’ ಎನ್ನುವುದು. ನನ್ನನ್ನು ಕಂಡವನೇ “ಬನ್ನಿ ತಾಯಿ, ಹಲ್ಲಿಗೂ ಪುಡಿ ಇದೆ” ಎಂದ.

“ನಮ್ಮಮ್ಮ ತಗೋತಿದ್ದ ಪುಡಿ ಕೊಡಿ” ಎಂದೆ. ಕೊಟ್ಟ. “ನೀವೂ ಇದನ್ನೇ ತಗೋತೀರಾ?” ಎಂದು ಕೇಳಿದೆ. “ದಿನಾ ಬೆಳಗ್ಗೆ” ಎಂದ. ಚಿಲ್ಲರೆ ತೆಗೆಯಲು ಮೇಜಿನ ಖಾನೆ ಎಳೆದ. ಅದರಲ್ಲಿ ಏನಿತ್ತು ಗೊತ್ತಾ? ಮೂಲೆ ಡಾಕ್ಟರು ಅಮ್ಮನಿಗೆ ಬರೆದುಕೊಡುತ್ತಿದ್ದರಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ, ಅದರ ಸ್ಟ್ರಿಪ್. ಅರ್ಧ ಖಾಲಿಯಾಗಿತ್ತು.

ಆಮೇಲೆ ನನ್ನ ಮೈಮೇಲೆ ನನಗೆ ಜ್ಞಾನವಿರಲಿಲ್ಲ. ಮೇಜು ಅಡಿಮೇಲು ಮಾಡಿದೆ. ಅವನ ಜುಟ್ಟು ಹಿಡಿದು ಕೆಳಗೆ ಕೂರಿಸಿ, ಮೂಗು ಮುಚ್ಚಿ, ಬಾಯಿಗೆ ಹಿಡಿ ಹಿಡಿ ಪುಡಿ ತುರುಕಿದೆ. ಬಚ್ಚಿಟ್ಟ ಮಾತ್ರೆ ಅವನಿಗೆ, ಹಸಿರು ಬೂದಿ ನಮ್ಮಮ್ಮನಿಗೆ. ಕಣ್ಣು ಮೇಲೆ ಮಾಡಿದಾಗ ಬಿಟ್ಟೆ. ಜನ ಬಿಡಿಸಿದರು ಎಂದು ಹೇಳುತ್ತಾರೆ, ಸುಳ್ಳು, ಒಬ್ಬರೂ ಹತ್ತಿರ ಬರಲಿಲ್ಲ. ನಮ್ಮ ಮನೆತನದ ಕೈ ನಿನಗೆ ಮಾತ್ರ ಬಂದಿದೆ ಎಂದುಕೊಂಡಿದ್ದೆ.

ಈಗ ನಿನಗೆ ನೇರವಾಗಿ ಹೇಳುತ್ತೇನೆ. ಅಮ್ಮನ ಮಾತ್ರೆ ನಿಲ್ಲಿಸಿದವರು ನಾವು. ನೀನು ಪುಡಿ ತಂದೆ, ನಾನು ನೀರಿನಲ್ಲಿ ಕಲಸಿಕೊಟ್ಟೆ. ಡಾಕ್ಟರು ಬಾಟಲಿ ಕಿತ್ತದ್ದು ಅಮ್ಮನನ್ನು ಆಂಬುಲೆನ್ಸಿಗೆ ಹತ್ತಿಸುವುದಕ್ಕೆ. ಅವರು ಫೋನು ಮಾಡಿಯೇ ಅದು ಬಂದದ್ದು. ಬಾಗಿಲಲ್ಲಿ ಬಂದು ನಿಂತಿದ್ದ ಗಾಡಿಯನ್ನು ಕಾಯಿಸಿ, ಪುಡಿ ಮಾಸ್ತರನ್ನು ಒಂದು ಮಾತು ಕೇಳುತ್ತೇನೆ ಎಂದು ನಂಬರು ಒತ್ತುತ್ತಾ ನಿಂತವನು ನೀನು. ಅವನು ಎತ್ತಲಿಲ್ಲ. ನೀನು ಮತ್ತೆ ಮತ್ತೆ ಒತ್ತಿದೆ.

ಪುಡಿ ಚರಂಡಿಗೆ ಹೋಯಿತು. ನಾನು ನಿನಗೆ ಒಬ್ಬ ಸರಿಯಾದ ಡಾಕ್ಟರನ್ನು ಹುಡುಕುತ್ತಿದ್ದೇನೆ. ಹುಡುಕುವುದು ಸುಲಭವಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಒಬ್ಬರು ಎಲ್ಲ ಕೇಳಿಸಿಕೊಂಡು, ಪೆನ್ನು ಹಿಡಿದು, “ಯಾವ ಬೀದಿ?” ಎಂದರು. ಹೇಳಿದೆ. “ಮಾಂಸದಂಗಡಿಯವರಾ?” ಎಂದರು. ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಇನ್ನೊಬ್ಬರ ಕಡೆಯವರು ನನ್ನನ್ನು ಭುಜ ಹಿಡಿದು ಹೊರಗೆ ದಬ್ಬಿದರು. ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿತು. ತಪ್ಪು ಅವರದ್ದು ಎಂದು ನನಗೆ ಅನ್ನಿಸಲಿಲ್ಲ.

ನಿನ್ನ ಅಕ್ಕ

*

ಮಾರ್ಚ್ 6

ಅಕ್ಕಾ,

ನಿನ್ನ ಹಿಂದಿನ ಕಾಗದ ಓದಿ ಹರಿದುಹಾಕಿದೆ. ಇನ್ನು ಬರೆಯಬೇಡ, ಸತ್ತೆ ಎಂದುಕೋ ಎಂದು ಬರೆಯಲು ಕೂತೆ. ಬರೆಯಲಿಲ್ಲ. ಇವತ್ತು ಬೇರೆ ವಿಷಯ ಇದೆ.

ನನ್ನ ಕಾಲು ನಾರುತ್ತದೆ. ನನಗೆ ಗೊತ್ತಾಗುತ್ತಿರಲಿಲ್ಲ, ಕೋಣೆಯವರು ಹೇಳಿದರು. ಮೊದಲು ಬಾಯಲ್ಲಿ ಹೇಳಿದರು, ಆಮೇಲೆ ಕೈಯಲ್ಲಿ. ಇಲ್ಲಿ ಗೂಬೆ ಎಂದು ಒಬ್ಬನಿದ್ದಾನೆ, ಕೋಣೆಗೆಲ್ಲ ಅವನೇ ದೊಡ್ಡವನು. ಅವನು ನನ್ನ ಹಾಸಿಗೆ ಎತ್ತಿ ಕಕ್ಕಸಿನ ಪಕ್ಕಕ್ಕೆ ಎಸೆದ. ನಾನು ಅವನ ಕಿವಿ ಕಚ್ಚಿದೆ. ತುಂಡು ಬಾಯಿಗೆ ಬಂತು. ಅವನ ಕಡೆಯವರು ನನ್ನ ತಲೆಯನ್ನು ನೀರಿನ ತೊಟ್ಟಿಯ ಅಂಚಿಗೆ ಬಡಿದರು. ಒಬ್ಬ ಬಕೆಟ್ಟಿನಿಂದ ಹೊಡೆದ, ಇನ್ನೊಬ್ಬ ಕಾಲಿನ ಗಾಯದ ಮೇಲೆ ಹತ್ತಿ ನಿಂತು ಕುಣಿದ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಯಾವಾಗ ಕೂಗುತ್ತಾನೆ ಎಂದು. ನಾನು ಕೂಗಲಿಲ್ಲ. ಗಟ್ಟಿ ಗಂಡಸು ಎಂದರು. ನನಗೂ ಹಾಗೇ ಅನ್ನಿಸಿತು.

ಆದರೆ ಇವತ್ತು ಬೆಳಗ್ಗೆ ಎದ್ದು ನೋಡಿದರೆ ಕಂಬಳಿ ಎಲ್ಲ ರಕ್ತ. ಯಾರೋ ಚುಚ್ಚಿದರು ಎಂದುಕೊಂಡು ಮೈಯೆಲ್ಲ ತಡಕಿದೆ. ಏನೂ ಇಲ್ಲ. ಕಾಲ ಕಡೆ ನೋಡಿದೆ. ಹೆಬ್ಬೆರಳಿನ ತುದಿ ಇಲ್ಲ ಅಕ್ಕಾ. ಇಲಿ ತಿಂದಿದೆ. ಕಕ್ಕಸಿನ ತೂತಿನಿಂದ ಬರುತ್ತವೆ. ಕೂತು ಮೆಲ್ಲಗೆ, ಹೊಟ್ಟೆ ತುಂಬ ತಿಂದು ಹೋಗಿದೆ. ಮೂಳೆ ಬೆಳ್ಳಗೆ ಕಾಣುತ್ತದೆ. ಪಾದ ಕಪ್ಪಾಗಿದೆ. ನಾನು ಮಲಗಿದ್ದೆ. ನನಗೆ ಎಚ್ಚರವೇ ಆಗಲಿಲ್ಲ.

ನೋವಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ, ಅದು ನಿಜ. ಈಗಲೂ ನೋವಿಲ್ಲ. ನನಗೆ ಭಯ ಆಗುತ್ತಿದೆ.

ನಿನ್ನ ತಮ್ಮ

*

ಮಾರ್ಚ್ 10

ತಮ್ಮಾ,

ನಿನ್ನ ಕಾಗದ ಅಂಗಡಿಯಲ್ಲೇ ಓದಿದೆ. ಕತ್ತಿ ಕೈಯಲ್ಲೇ ಇತ್ತು. ಅದನ್ನು ಮಣೆಗೆ ಹೊಡೆದು ನಿಲ್ಲಿಸಿ, ಏಪ್ರನ್ ಕೂಡ ಬಿಚ್ಚದೆ ನೇರ ಮೂಲೆ ಡಾಕ್ಟರ ಮನೆಗೆ ಹೋದೆ. ಬೇರೆ ಯಾರ ಮುಖವೂ ನನ್ನ ಕಣ್ಣ ಮುಂದೆ ಬರಲಿಲ್ಲ. ಅವರು ನಮ್ಮಂಗಡಿಗೆ ಬರುತ್ತಿದ್ದಾಗ ಒಂದು ದಿನ ನೀನು ಬರಿಗಾಲಲ್ಲಿ ಮೂಳೆ ಚೂರಿನ ಮೇಲೆ ನಿಂತಿದ್ದೆ, ನೆನಪಿದೆಯಾ? ಕೆಳಗೆ ರಕ್ತ ಹರಿಯುತ್ತಿತ್ತು. “ನೋವಿಲ್ವೇನಯ್ಯಾ?” ಎಂದರು. “ನೋವಿಲ್ಲ ಡಾಕ್ಟ್ರೇ” ಎಂದೆ ನೀನು. “ಅದೇ ತೊಂದರೆ. ನಾಳೆ ಬಾ, ರಕ್ತ ನೋಡೋಣ” ಎಂದರು. ಅವರು ಆಚೆ ಹೋದ ಮೇಲೆ ನಾವು ಎಷ್ಟು ನಕ್ಕೆವು. ನೋವಿಲ್ಲದ್ದೇ ತೊಂದರೆ ಎನ್ನುವ ಡಾಕ್ಟರು, ಮೂಳೆ ಇಲ್ಲ ಎಂದು ಜಗಳ ತೆಗೆಯುವ ಗಿರಾಕಿಯ ಹಾಗೆ ಎಂದು ನೀನೇ ಹೇಳಿದೆ. ಆಮೇಲೆ ಯಾರು ಬಂದರೂ ಅದೇ ತಮಾಷೆ. ಸಂಬಳ ಸಿಕ್ಕಿತೇ ಎಂದರೆ “ನೋವಿಲ್ಲ ಡಾಕ್ಟ್ರೇ”, ಹೆಂಡತಿ ತವರಿಂದ ಬಂದಳೇ ಎಂದರೆ “ನೋವಿಲ್ಲ ಡಾಕ್ಟ್ರೇ”.

ಬಾಗಿಲು ತೆಗೆದದ್ದು ಅವರ ಹೆಂಡತಿ. ನನ್ನ ಏಪ್ರನ್ನಿನ ರಕ್ತ ನೋಡಿ ಎರಡು ಹೆಜ್ಜೆ ಹಿಂದೆ ಹೋದರು. “ಇನ್ನೇನು ಮುರಿಯೋಕೆ ಬಂದೆಯಮ್ಮಾ?” ಎಂದರು. ನಾನು ಹೊಸ್ತಿಲಾಚೆ ಕೂತುಬಿಟ್ಟೆ. ಡಾಕ್ಟರು ಹೊರಗೆ ಬಂದರು. ಮೂಳೆ ಕೂಡಿಸಲು ಹಾಕಿದ ಸ್ಟೀಲಿನ ಕಡ್ಡಿಗಳು ಬಲಗೈಯಿಂದ ಆಚೆ ಬಂದಿವೆ. ಮೂಗು ಒಂದು ಕಡೆಗೆ ತಿರುಗಿದೆ. ಅವರನ್ನು ನೋಡಲು ನನಗೆ ಆಗಲಿಲ್ಲ.

“ಕೇಸ್ ವಾಪಸ್ ತಗೊಳ್ಳಿ ಅಂತ ಕೇಳೋಕೆ ಬಂದಿದ್ರೆ ಹೊರಡಮ್ಮ.”

“ಕೇಸ್ ಅಲ್ಲ ಡಾಕ್ಟ್ರೇ. ಕಾಲು.”

“ಯಾವ ಕಾಲು? ನನ್ನ ಹೊಟ್ಟೆಗೆ ಒದ್ದ ಕಾಲಾ?”

“ಅದೇ ಕಾಲು.”

“ಕೊಳೀಲಿ” ಎಂದರು. ಒಳಗೆ ಹೋಗಿ ಬಾಗಿಲು ತಳ್ಳಿದರು.

“ಕೊಳೀತಿದೆ ಡಾಕ್ಟ್ರೇ” ಎಂದು ಬಾಗಿಲಿಗೇ ಹೇಳಿದೆ. “ಮಲಗಿದ್ದಾಗ ಇಲಿ ಬೆರಳು ತಿಂದಿದೆ. ಅವನಿಗೆ ಎಚ್ಚರಾನೇ ಆಗಿಲ್ಲ.”

ಬಾಗಿಲು ಅರ್ಧಕ್ಕೆ ನಿಂತಿತು. ಒಳಗಿನಿಂದ ದನಿ ಬಂತು. “ಎಚ್ಚರಾನೇ ಆಗಿಲ್ವಾ? ಬಣ್ಣ ಏನು?” ಕಪ್ಪು ಎಂದೆ. “ಎಲ್ಲೀತನಕ? ಜ್ವರ ಇದೆಯಾ? ವಾಸನೆ ಹೇಗಿದೆ, ಒಣಗಿದ್ದೋ, ನೀರಾಗಿದ್ದೋ?” ನಿನ್ನ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿದೆ. ಒಳಗೆ ಎಳೆದುಕೊಂಡರು. ಕೊನೆಗೆ ಬಾಗಿಲು ಪೂರ್ತಿ ತೆರೆಯಿತು. ಅವರ ಮುಖದಲ್ಲಿ ಕರುಣೆ ಏನೂ ಇರಲಿಲ್ಲ, ಸಿಟ್ಟು ಹಾಗೇ ಇತ್ತು. ಆದರೂ ಕೇಳುತ್ತಲೇ ಇದ್ದರು. ಕೆರೆತ ಬಂದಾಗ ಕೆರೆದುಕೊಳ್ಳದೆ ಇರಲಾಗುವುದಿಲ್ಲವಲ್ಲ, ಹಾಗೆ.

ಅವರು ಹೇಳಿದ್ದು ಇದು. ನಿನಗೂ ಅಮ್ಮನ ಸಕ್ಕರೆ ಕಾಯಿಲೆ ಇದೆ, ಬಹಳ ದಿನದಿಂದ ಇದೆ. ಅದು ಪಾದದ ನರಗಳನ್ನು ಸಾಯಿಸಿದೆ. ಅದಕ್ಕೇ ನೋವಿಲ್ಲ. ಗಾಜು ಒಳಗೇ ಉಳಿದು, ಗಾಯ ಕೊಳೆತು ವಿಷ ಮೇಲೇರುತ್ತಿದೆ. ಈ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕು. ಬೇಗ ಕಾಲು ಹೋಗದಿದ್ದರೆ ನೀನೇ ಹೋಗುತ್ತೀಯ. 

“ಅವನು ಯಾರನ್ನೂ ಮುಟ್ಟೋಕೆ ಬಿಡಲ್ಲ ಡಾಕ್ಟ್ರೇ” ಎಂದೆ. ಅವರು ತಮ್ಮ ಕೈಯ ಕಡ್ಡಿಗಳನ್ನು ನೋಡಿದರು. ಹೆಂಡತಿ “ಬೇಡ” ಎಂದರು. “ಬೇಡ ರೀ, ಆ ಮನುಷ್ಯನ ಮುಂದೆ ನೀವು ಹೋಗಕೂಡದು.” ಡಾಕ್ಟರು ಎದ್ದು ಎಡಗೈಯಲ್ಲಿ ಚಪ್ಪಲಿ ಹುಡುಕಿದರು.

ಅವರು ಬರುತ್ತಾರೆ. ಜೈಲಿನವರ ಹತ್ತಿರ ಮಾತಾಡಿದ್ದಾರೆ. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಕೈ ಎತ್ತಬೇಡ.

ನಿನ್ನ ಅಕ್ಕ

*

ಮಾರ್ಚ್ 13

ಅಕ್ಕಾ,

ಅವರು ಬಂದರು. ಜೈಲಿನ ಆಸ್ಪತ್ರೆಯಲ್ಲಿ ನನ್ನನ್ನು ಮಂಚದ ಕಂಬಿಗೆ ಕೋಳ ಹಾಕಿ ಕೂರಿಸಿದ್ದರು. ಜ್ವರ ಸುಡುತ್ತಿತ್ತು. ಆಪರೇಷನ್‌ಗೆ ಸಹಿ ಹಾಕು ಎಂದು ಬೆಳಗ್ಗೆಯಿಂದ ಬಂದವರೆಲ್ಲರ ಮುಖಕ್ಕೂ ಉಗಿದಿದ್ದೆ.

ಬಾಗಿಲಲ್ಲಿ ಅವರನ್ನು ಕಂಡಾಗ ಮೊದಲು ಗುರುತು ಸಿಗಲಿಲ್ಲ. ಆ ಮೂಗು. ಅವರು ಒಳಗೆ ಬಂದರು, ನನ್ನ ಹತ್ತಿರಕ್ಕೆ ಬಂದರು, ಎಡಗೈ ಬೀಸಿ ನನ್ನ ಕೆನ್ನೆಗೆ ಹೊಡೆದರು. ಅಭ್ಯಾಸ ಇಲ್ಲದ ಕೈ, ಕೆನ್ನೆ ತಪ್ಪಿ ಕಿವಿಗೆ ಬಿತ್ತು. ಕಿವಿ ಗುಂಯ್ ಎಂದಿತು. ಮತ್ತೆ ಒಂದು ಹೊಡೆದರು. ಇದು ಸರಿಯಾಗಿ ಬಿತ್ತು, ತುಟಿ ಒಡೆಯಿತು. ವಾರ್ಡರು ಗೋಡೆ ಕಡೆ ತಿರುಗಿ ನಿಂತಿದ್ದ. ನಾನು ಕೈ ಎತ್ತಲಿಲ್ಲ. ಕೋಳ ಇತ್ತು ಎಂದು ಎತ್ತಲಿಲ್ಲ ಎಂದುಕೊಳ್ಳಬೇಡ, ಒಂದು ಕೈ ಬಿಡುವಾಗಿತ್ತು.

“ನೋವಾಯ್ತಾ?” ಎಂದು ಕೇಳಿದರು.

“ಆಯ್ತು.”

“ಸದ್ಯ, ಅಲ್ಲಾದ್ರೂ ಇದೆ” ಎಂದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. ಕಬ್ಬಿಣದ ಸ್ಟೂಲೇ. ಇಬ್ಬರೂ ಅದನ್ನು ನೋಡಿದೆವು.

ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು ಅಕ್ಕಾ. ಆ ನಾತದಲ್ಲಿ. ಎಡಗೈಯಲ್ಲಿ ಬಟ್ಟೆ ಬಿಚ್ಚಿದರು, ಬರದೆ ಇದ್ದಾಗ ಹಲ್ಲಿನಿಂದ ಕಚ್ಚಿ ಎಳೆದರು. ನನ್ನನ್ನು ಗೋಡೆ ನೋಡು ಎಂದು ಹೇಳಿ ಸೂಜಿ ತೆಗೆದರು. “ನೋವಿದೆಯಾ?” ಎಂದರು. ಇಲ್ಲ ಎಂದೆ. “ಇಲ್ಲಿ?” ಇಲ್ಲ. “ಇಲ್ಲಿ?” ಇಲ್ಲ ಡಾಕ್ಟ್ರೇ. ಬಹಳ ಹೊತ್ತು ಹಾಗೇ ಕೇಳಿದರು. ಮೊಣಕಾಲ ಹತ್ತಿರ ಬಂದಾಗ ಚುಳ್ ಎಂದಿತು. ತಿರುಗಿ ನೋಡಿದೆ. ಪಾದದಿಂದ ಮೇಲಿನವರೆಗೆ ಸೂಜಿ ಚುಚ್ಚಿದ ರಕ್ತದ ಚುಕ್ಕೆ ಸಾಲಾಗಿತ್ತು. ಅಷ್ಟೂ ನಾನು ಇಲ್ಲ ಎಂದ ಜಾಗ.

“ಇಲ್ಲಿಂದ ಕೆಳಗೆ ನಿಂದಲ್ಲ, ಬಿಟ್ಟುಬಿಡು” ಎಂದರು.

ನಾನು ಒಂದೇ ಮಾತು ಕೇಳಿದೆ. “ನನ್ನನ್ನ ಸಾಯಿಸ್ತೀರಾ?”

“ಸಾಯಿಸೋ ಹಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ? ಮನೇಲಿ ಕೂತಿದ್ರೆ ಸಾಕಾಗಿತ್ತು” ಎಂದರು.

ಅದು ನನ್ನ ತಲೆಗೆ ಹೋಯಿತು. ಪುಡಿ ಮಾಸ್ತರ ಮಾತು ಎಷ್ಟು ಸಿಹಿ ಇತ್ತು, ಎಷ್ಟು ಪ್ರೀತಿ ಇತ್ತು. ಈ ಮನುಷ್ಯನಿಗೆ ನನ್ನ ಮೇಲೆ ಚಿಟಿಕೆ ಪ್ರೀತಿ ಇಲ್ಲ. ಆದರೂ ಸುಳ್ಳು ಹೇಳಲಿಲ್ಲ. ಸಹಿ ಹಾಕಿದೆ. ನಾಳೆ ಬೆಳಗ್ಗೆ ಆಪರೇಷನ್. ದೊಡ್ಡಾಸ್ಪತ್ರೆಯವರು ಮಾಡುತ್ತಾರೆ, ಇವರು ಪಕ್ಕದಲ್ಲಿ ನಿಂತು ನೋಡುತ್ತಾರಂತೆ. ಕೈ ಸರಿಯಿದ್ದಿದ್ದರೆ ಇವರೇ ಮಾಡುತ್ತಿದ್ದರು ಎಂದು ಜೈಲಿನ ಕಾಂಪೌಂಡರು ಹೇಳಿದ.

ನಿನ್ನ ತಮ್ಮ

*

ಮೇ 2

ತಮ್ಮಾ,

ಕೋರ್ಟಿನಲ್ಲಿ ನಿನ್ನನ್ನು ಊರುಗೋಲಿನಲ್ಲಿ ನೋಡಿದೆ. ಪ್ಯಾಂಟಿನ ಕಾಲನ್ನು ಮಡಿಸಿ ಪಿನ್ನು ಹಾಕಿದ್ದರು. ಅಳಬಾರದು ಎಂದು ಹಲ್ಲು ಕಚ್ಚಲು ಹೋದರೆ ಕಚ್ಚುವುದಕ್ಕೆ ಹಲ್ಲೇ ಇಲ್ಲ, ನೀನೇ ಉದುರಿಸಿದ್ದೀಯಲ್ಲ.

ನಿನ್ನ ವಕೀಲ ಎಷ್ಟು ಜಾಣ ನೋಡು. “ಡಾಕ್ಟ್ರೇ, ತಾವೇ ಹೋಗಿ ಆರೋಪಿಗೆ ಶುಶ್ರೂಷೆ ಮಾಡಿದ್ದೀರಿ. ಅಂದರೆ ಕ್ಷಮಿಸಿದ್ದೀರಿ, ಅಲ್ಲವೇ?” ಎಂದ. ಡಾಕ್ಟರು “ಕಾಲು ಬೇರೆ, ಕೇಸು ಬೇರೆ” ಎಂದರು. ಆಮೇಲೆ ಒಂದೊಂದೇ ಏಟನ್ನು ಹೇಳಿದರು, ಎಲ್ಲಿ ಬಿತ್ತು, ಏನು ಮುರಿಯಿತು ಎಂದು, ಬೇರೆ ಯಾರದೋ ಮೈಯ ವಿಷಯ ಹೇಳುವ ಹಾಗೆ. ಆಗ ನೀನು ಕಟಕಟೆಯಲ್ಲಿ ಎದ್ದು ನಿಂತು, ಯಾರೂ ಕೇಳದಿದ್ದರೂ, “ನೆನಪಿದೆ. ಎಲ್ಲಾ ನೆನಪಿದೆ” ಎಂದೆ. ವಕೀಲ ತಲೆ ಚಚ್ಚಿಕೊಂಡ. ನಾಲ್ಕು ವರ್ಷ ಶಿಕ್ಷೆ ಆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕಡಿಮೆ ಆಗುತ್ತಿತ್ತಂತೆ. ನನಗೆ ಬೇಜಾರಿಲ್ಲ. ನೀನು ಹೇಳಿದ್ದು ನನಗೆ ಸಮಾಧಾನವೇ ಆಯಿತು.

ನೀನು ನೋಡದೆ ಇದ್ದದ್ದು ಒಂದಿದೆ. ನಿನ್ನನ್ನು ಕರೆದುಕೊಂಡು ಹೋದ ಮೇಲೆ ಡಾಕ್ಟರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ವಾಂತಿ ಮಾಡಿಕೊಂಡರು. ನಾನು ನೀರು ತಂದುಕೊಟ್ಟೆ. ಅವರ ಹೆಂಡತಿ ಬಾಟಲಿ ಕಿತ್ತುಕೊಂಡು ದೂರ ಎಸೆದರು. ನನ್ನನ್ನು ಕಂಡರೆ ಇವತ್ತಿಗೂ ಬೀದಿಯ ಆ ಕಡೆಗೆ ದಾಟುತ್ತಾರೆ. ದಾಟಲಿ.

ಶಾಪು ಮತ್ತೆ ತೆಗೆದಿದ್ದಾರೆ. ಗಾಜಿನ ಬದಲು ಹಲಗೆಯ ಬಾಗಿಲು. ಕೈಯ ಬೆರಳುಗಳು ಮಡಚುವುದಿಲ್ಲ, ಹೊಲಿಗೆ, ಇಂಜೆಕ್ಷನ್ ಎಲ್ಲ ಕಾಂಪೌಂಡರದ್ದೇ. ಅವರ ಕೈಗುಣ ಹೋಯಿತು ಎಂದು ಅರ್ಧ ಬೀದಿ ಬೇರೆ ಕಡೆಗೆ ಹೋಗುತ್ತಿದೆ. ಪಕ್ಕದ ಬೀದಿಯಲ್ಲಿ ಪುಡಿ ಮಾಸ್ತರ ಇನ್ನೂ ದೊಡ್ಡ ಮೇಜು ಹಾಕಿದ್ದಾನೆ. ಅಲ್ಲಿ ಸಾಲು ನಿಲ್ಲುವವರನ್ನು ನೋಡಿದರೆ ನನ್ನ ಕೈ ಕಡಿಯುತ್ತದೆ. ಒಬ್ಬಿಬ್ಬರಿಗೆ ಖಾನೆಯಲ್ಲಿ ಏನಿತ್ತು ಎಂದು ಹೇಳಿದೆ. ನಂಬಲಿಲ್ಲ. ನಾವು ನಂಬುತ್ತಿದ್ದೆವಾ?

ನಾನೂ ಹೋಗಿ ರಕ್ತ ಕೊಟ್ಟೆ. ಇದೆ, ನನಗೂ ಇದೆ. ಡಾಕ್ಟರು ಅಂಗಾಲಿಗೆ ಚುಚ್ಚಿದರು. “ಅಯ್ಯೋ” ಎಂದೆ. “ಒಳ್ಳೇದು, ಹೀಗೇ ಅಯ್ಯೋ ಅಂತಿರು” ಎಂದರು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನೀನೂ ತೆಗೆದುಕೋ. ಇನ್ನೊಂದು ಕಾಲು ಉಳಿದಿದೆ.

ನಿನ್ನ ಅಕ್ಕ

*

ಜೂನ್ 18

ಅಕ್ಕಾ,

ಗೂಬೆ ಈಗ ನನಗೆ ತೊಂದರೆ ಕೊಡುವುದಿಲ್ಲ. ಅವನಿಗೆ ಅರ್ಧ ಕಿವಿ ಇಲ್ಲ, ನನಗೆ ಅರ್ಧ ಕಾಲಿಲ್ಲ, ಲೆಕ್ಕ ಚುಕ್ತಾ ಎಂದು ಅವನೇ ಹೇಳಿದ. ಮಾತ್ರೆ ತಪ್ಪಿಸುತ್ತಿಲ್ಲ. ದಿನಾ ಬೆಳಗ್ಗೆ ಉಳಿದ ಕಾಲನ್ನು ಎತ್ತಿ ಅಡಿಭಾಗ ನೋಡಿಕೊಳ್ಳುತ್ತೇನೆ. ನನಗೆ ಕಾಣದ ಕಡೆ ಅವನೇ ನೋಡಿ ಹೇಳುತ್ತಾನೆ.

ಒಂದು ವಿಷಯ ಇದೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಇಲ್ಲದ ಕಾಲು ನೋಯುತ್ತಿದೆ.

ತಮಾಷೆ ಅಲ್ಲ. ಹೋದ ತಿಂಗಳಿನಿಂದ. ಹೆಬ್ಬೆರಳು, ಇಲಿ ತಿಂದದ್ದು, ಅದನ್ನು ಈಗ ತಿನ್ನುತ್ತಿರುವ ಹಾಗೆ ಆಗುತ್ತದೆ. ಆ ದಿನ ಗೊತ್ತಾಗದೆ ಇದ್ದದ್ದು ಈಗ ಗೊತ್ತಾಗುತ್ತಿದೆ. ಗಾಜು ಚುಚ್ಚುತ್ತದೆ. ಒಬ್ಬ ಗಾಯದ ಮೇಲೆ ಹತ್ತಿ ಕುಣಿದನಲ್ಲ, ಈಗ ಕುಣಿಯುತ್ತಿದ್ದಾನೆ. ಉಜ್ಜೋಣ ಎಂದು ಕೈ ಹಾಕಿದರೆ ಅಲ್ಲಿ ಏನೂ ಇಲ್ಲ, ಕಂಬಳಿ ಇದೆ. ಮೊನ್ನೆ ತಡೆಯಲಾಗದೆ ಕೂಗಿಬಿಟ್ಟೆ. ಅಷ್ಟು ಹೊಡೆತ ತಿಂದರೂ ಕೂಗದವನು ಹೆಂಗಸರ ಹಾಗೆ ಕೂಗುತ್ತಾನಲ್ಲ ಎಂದು ಕೋಣೆಯವರು ಬಿದ್ದು ಬಿದ್ದು ನಕ್ಕರು.

ಅಮ್ಮನೂ ಕಾಲು ಉರಿ, ಕಾಲು ಉರಿ ಎಂದು ಅಳುತ್ತಿದ್ದಳು. ನಾನು ಇನ್ನೊಂದು ಚಮಚ ಪುಡಿ ಹಾಕು ಎನ್ನುತ್ತಿದ್ದೆ. ಅಮ್ಮನದು ಹೀಗೇ ಇತ್ತೋ ಏನೋ. ಕೇಳಲು ಅವಳಿಲ್ಲ.

ಇಲ್ಲಿಯ ಡಾಕ್ಟರು ಇದು ನರದ್ದು, ಕೆಲವರಿಗೆ ಹೀಗಾಗುತ್ತದೆ, ಗುಳಿಗೆ ಇದೆ ಎನ್ನುತ್ತಾನೆ. ಗೂಬೆ ಇದು ಪಾಪ ಎನ್ನುತ್ತಾನೆ. ಇನ್ನೊಬ್ಬ ತನ್ನ ಹತ್ತಿರ ಒಂದು ಎಣ್ಣೆ ಇದೆ ಎನ್ನುತ್ತಾನೆ. ನಾನು ಯಾವುದನ್ನೂ ತೆಗೆದುಕೊಂಡಿಲ್ಲ. ನೀನು ಮೂಲೆ ಡಾಕ್ಟರ ಹತ್ತಿರ ಹೋಗಿ ನಿಜ ಯಾವುದು ಎಂದು ಕೇಳು. ಅವರು ಹೇಳಿದ್ದನ್ನು ನಂಬುತ್ತೇನೆ. ಬೇರೆ ಯಾರು ಹೇಳಿದರೂ ನಂಬುವುದಿಲ್ಲ.

ಅವರು ಬಾಗಿಲು ತೆರೆಯದಿದ್ದರೆ ಹೊರಗೆ ಕೂತುಕೋ. ಹೆಂಡತಿ ಬೈದರೆ ಬೈಸಿಕೋ. ಹೊರಗೆ ಬಂದರೆ ಅವರು ಮೊದಲು ಕೇಳುವುದು ಏನು ಎಂದು ನಮಗಿಬ್ಬರಿಗೂ ಗೊತ್ತು. ಆ ಕಾಲಿನ ವಿಷಯಕ್ಕೆ ಅದೊಂದೇ ಮಾತು ಅವರು ಯಾವಾಗಲೂ ನನ್ನನ್ನು ಕೇಳಿದ್ದು, ನಾನು ಯಾವಾಗಲೂ ಒಂದೇ ಉತ್ತರ ಕೊಟ್ಟಿದ್ದೆ. ಈ ಸಲ ನನ್ನ ಬದಲು ನೀನು ಹೇಳು. ಹೀಗೇ ಹೇಳು, ಪದ ಬದಲಿಸಬೇಡ.

ಇದೆ ಡಾಕ್ಟ್ರೇ. ನೋವಿದೆ.

ನಿನ್ನ ತಮ್ಮ